ಗಂಗವ್ವ ಯಾವ ಜರಡಿಗೆ ಸಿಗುತ್ತಾಳೆ

ಹೊಸ ತಾಮ್ರದ ಕೊಡವನ್ನು ಪ್ರೇಮಲತಾ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಹೊಸ ಕೊಡಕ್ಕೆ ತಿಕ್ಕುವ ಅಗತ್ಯ ಇರಲಿಲ್ಲ, ಅಂಗಡಿಯಲ್ಲೇ ಅದು ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಆದರೂ ತಿಕ್ಕಿದಳು. ತಿಕ್ಕುವುದಕ್ಕೆ ಯಾರೂ ಬೇಡ ಅನ್ನುವಂತಿರಲಿಲ್ಲ. ಹೊರುತ್ತೇನೆ ಅಂದಿದ್ದರೆ ಅನ್ನುತ್ತಿದ್ದರು.

ಅವರ ಮನೆತನದಲ್ಲಿ ಚೊಚ್ಚಲ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬೆಳಿಗ್ಗೆ ಗಂಗೆ ಪೂಜೆ. ಐವರು ಮುತ್ತೈದೆಯರು ನೀರಿದ್ದಲ್ಲಿಗೆ ಹೋಗಿ ಅರಿಶಿನ ಕುಂಕುಮ ಏರಿಸಿ, ಕಾಯಿ ಒಡೆದು, ಒಂದು ಕೊಡ ನೀರು ತರಬೇಕು. ಕೊಡ ಹೊರುವವಳು ಬಾಣಂತಿಯ ತಾಯಿ. ಗಂಗೆ ಮನೆ ಸೇರುವವರೆಗೆ ಹೋದವರ್‍ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಆ ನೀರಿನಲ್ಲಿ ಒಂದು ಹನಿ ಕೂಸಿನ ತುಟಿಗೆ, ಉಳಿದದ್ದು ಮನೆಯ ಮೂಲೆ ಮೂಲೆಗೆ. ಪ್ರೇಮಲತಾ ಬಾಣಂತಿಯಾಗಿದ್ದಾಗ ಅವಳ ಅವ್ವ ಹೊತ್ತಿದ್ದಳು. ಹೊತ್ತು ಬರುವಾಗ ಅವ್ವನ ಮುಖದಲ್ಲಿದ್ದ ಗತ್ತನ್ನು ಅವಳು ಮರೆತಿರಲಿಲ್ಲ. ಮಂಡಕ್ಕಿ ಭಟ್ಟಿಯಲ್ಲಿ ದಿನವಿಡೀ ಹೊಗೆ ಕುಡಿಯುತ್ತಿದ್ದ ಹೆಂಗಸು ಅವತ್ತೊಂದು ದಿನ ಬೀದಿಯ ನಡುವೆ ನಡೆದು ಬಂದಿದ್ದಳು, ಎದುರಿಗೆ ಬಂದ ಲಾರಿಯೇ ಪಕ್ಕಕ್ಕೆ ಸರಿಯಲಿ ಎನ್ನುವ ಹಾಗೆ.

ಈಗ ಮಗಳು ಸುನೀತಾ ಹೆತ್ತಿದ್ದಳು, ಹೊರುವ ಸರದಿ ಪ್ರೇಮಲತಾಳದು. ಆದರೆ ಅಷ್ಟರಲ್ಲಿ ಗಂಡ ರಾಜಕುಮಾರ್ ತೀರಿಕೊಂಡು ಮೂರು ವರ್ಷವಾಗಿತ್ತು. ಆಟೋ ಓಡಿಸುತ್ತಿದ್ದ ಮನುಷ್ಯ. ಊರಿನವರ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರು, ಹೆರಿಗೆ ನೋವಿನ ಹೆಂಗಸರು ಎಲ್ಲವನ್ನೂ ಸಾಗಿಸಿದವನು, ಬದುಕಿರುವವರೆಗೆ ತನ್ನ ಮನೆಗೆ ಒಂದು ಕೊಡ ನೀರು ತಂದವನಲ್ಲ. ಸತ್ತ ಮೇಲೆ ಹೆಂಡತಿಯೂ ತರದ ಹಾಗೆ ಮಾಡಿ ಹೋದ.

ಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಪ್ರಸಂಗವೇ ಬರಲಿಲ್ಲ. ಗಂಡನ ಅಕ್ಕ ಕಮಲಕ್ಕ ಹಿಂದಿನ ಸಂಜೆ ಆನಗೋಡಿನಿಂದ ಬಂದಿಳಿದವಳೇ ಕೊಡವನ್ನು ಸೊಂಟಕ್ಕಿಟ್ಟು ತೂಕ ನೋಡಿ, ಪರವಾಗಿಲ್ಲ, ಹಗುರ ಐತೆ ಅಂದಳು. ಅಲ್ಲಿಗೆ ಮುಗಿಯಿತು. ಪ್ರೇಮಲತಾ ಒಳಗೆ ಹೋಗಿ ಚಹಾಕ್ಕೆ ಹಾಲಿಟ್ಟಳು. ಒಲೆಯ ಮುಂದೆ ನಿಂತು, ಕೊಡ ಕೊಳ್ಳುವಾಗ ತಾನು ಏನು ಅಂದುಕೊಂಡಿದ್ದೆ ಎಂದು ತನ್ನನ್ನೇ ಕೇಳಿಕೊಂಡಳು. ಯಾರಾದರೂ ಒಬ್ಬರು, ನೀನೇ ಹೊರು ಪ್ರೇಮಾ ಅಂತ ಅಂದಾರು ಅಂದುಕೊಂಡಿದ್ದಳು. ಅಂದವರಿಗೆ ಬೇಡ ಬೇಡ ಎಂದು ಎರಡು ಸಲ ಹೇಳಿ ಮೂರನೇ ಸಲಕ್ಕೆ ಒಪ್ಪಿಕೊಳ್ಳಬೇಕು ಅಂತಲೂ ಅಂದುಕೊಂಡಿದ್ದಳು. ಅದನ್ನು ನೆನೆದು ಅವಳಿಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು, ಅಷ್ಟರಲ್ಲಿ ಹಾಲು ಉಕ್ಕಿತು.

ತಮಾಷೆಯೆಂದರೆ, ದಾವಣಗೆರೆಯ ವಿನೋಬನಗರದ ಆ ಬೀದಿ ಪೂರ್ತಿ ಕುಡಿಯುತ್ತಿದ್ದುದು ಅವಳ ಕೈಯ ನೀರನ್ನೇ. ಮೂಲೆಯ ಶುದ್ಧ ನೀರಿನ ಘಟಕವನ್ನು ನೋಡಿಕೊಳ್ಳುತ್ತಿದ್ದವಳು ಅವಳು. ತಗಡಿನ ಶೆಡ್ಡು, ಉದ್ದುದ್ದ ಬಿಳಿ ಕೊಳವೆಗಳು, ಗೊರಕೆ ಹೊಡೆಯುವ ಒಂದು ಪಂಪು. ಗೃಹಪ್ರವೇಶಕ್ಕೆ, ಸತ್ಯನಾರಾಯಣ ಪೂಜೆಗೆ, ಮದುವೆಯ ಪಾನಕಕ್ಕೆ ಎಲ್ಲದಕ್ಕೂ ಅಲ್ಲಿಂದ ಕ್ಯಾನು ಹೋಗುತ್ತಿತ್ತು. ಆಗ ಯಾರಿಗೂ ಅವಳ ಬೋಳು ಹಣೆ ನೆನಪಾಗುತ್ತಿರಲಿಲ್ಲ. ಪ್ಲಾಸ್ಟಿಕ್ ಕ್ಯಾನಿಗೆ ಹತ್ತದ ಮೈಲಿಗೆ ತಾಮ್ರದ ಕೊಡಕ್ಕೆ ಹತ್ತುವುದು ಹೇಗೆ ಎಂದು ಅವಳು ಒಮ್ಮೊಮ್ಮೆ ಯೋಚಿಸುತ್ತಿದ್ದಳು. ಯೋಚಿಸಿ ಸುಮ್ಮನಾಗುತ್ತಿದ್ದಳು, ಕ್ಯೂ ಉದ್ದ ಇರುತ್ತಿತ್ತು.

ಬೆಳಿಗ್ಗೆ ಹರಿಹರದಿಂದ ಬೀಗರು ಬಂದರು. ಅಳಿಯ ತಿಮ್ಮೇಶನ ತಾಯಿ ಅನ್ನಪೂರ್ಣಮ್ಮನ ಒಂದು ಕೈಯಲ್ಲಿ ಹೂವಿನ ಚೀಲ, ಇನ್ನೊಂದರಲ್ಲಿ ಒಂದು ಕ್ಯಾನು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ತಂದಿದ್ದರು. ದಾವಣಗೆರೆಯವರು ನಲ್ಲಿಗೆ ಕುಂಕುಮ ಹಚ್ಚಿ ಗಂಗೆ ಪೂಜೆ ಮುಗಿಸುತ್ತಾರೆ ಎಂದು ಅವರಿಗೆ ಯಾರೋ ಹೇಳಿದ್ದರಂತೆ. ತಮ್ಮ ಮೊಮ್ಮಗನಿಗೆ ನಲ್ಲಿ ಗಂಗೆ ಬೇಡ, ಹೊಳೆ ಪಕ್ಕದಲ್ಲಿಟ್ಟುಕೊಂಡು ಹಂಗೆ ಮಾಡಿದರೆ ಜನ ಏನಂದಾರು, ಅದಕ್ಕೇ ತುಂಗಭದ್ರೆಯನ್ನೇ ತಂದೆ ಎಂದರು.

ಮಳೆಗಾಲ. ಹೊಳೆಗೆ ಹೊಸ ನೀರು ಬಂದಿತ್ತು. ಕ್ಯಾನಿನ ಮುಚ್ಚಳ ತೆಗೆದು ನೋಡಿದರೆ ಒಳಗಿದ್ದದ್ದು ಕೆಂಪು ಮಣ್ಣಿನ ಗಂಜಿ. ಮೇಲೊಂದು ಹುಲ್ಲಿನ ಎಸಳು, ಜೊತೆಗೆ ಹರಿದ ಶಾಂಪೂ ಪೊಟ್ಟಣ. ಕಮಲಕ್ಕ ಅದನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿ, ಗಂಗವ್ವ ತಲೆಗೆ ಎರ್ಕಂಡು ಬಂದಾಳೆ ಅಂದಳು.

ಬಾಣಂತಿ ಸುನೀತಾ ಒಳಗಿನಿಂದಲೇ, ಅದನ್ನು ಕೂಸಿನ ಬಾಯಿಗೆ ಹಾಕಲು ಬಿಡುವುದಿಲ್ಲ ಎಂದು ಹೇಳಿದಳು. ಅನ್ನಪೂರ್ಣಮ್ಮನ ಮುಖ ಸಣ್ಣದಾಯಿತು. ನನ್ನ ಮಗ ಇದನ್ನೇ ಕುಡಿದು ಬೆಳೆದವನು ಎಂದರು. ಅದು ಕಾಣ್ತೈತೆ ಬಿಡ್ರಿ ಎಂದು ಕಮಲಕ್ಕ ಗೊಣಗಿದ್ದು ಅವರ ಕಿವಿಗೆ ಬಿದ್ದಿತೋ ಇಲ್ಲವೋ, ಅವರು ಬಳೆ ಸರಿಮಾಡಿಕೊಂಡು ಗೋಡೆ ನೋಡಿದರು. ತೊಟ್ಟಿಲು ಕಟ್ಟುವ ಮೊದಲೇ ಬೀಗರ ನಡುವೆ ಮಾತು ಬಿಡುವ ಲಕ್ಷಣ ಕಂಡಿತು.

ಆಗ ಪ್ರೇಮಲತಾ, ಘಟಕಕ್ಕೆ ತಗಂಡು ಹೋಗಿ ಸೋಸಿಕೊಂಡು ಬರೋಣ ಅಂದಳು.

ಹೀಗೆ ಐವರು ಮುತ್ತೈದೆಯರು, ಎಂದರೆ ಕಮಲಕ್ಕ, ಅನ್ನಪೂರ್ಣಮ್ಮ, ಎದುರು ಮನೆಯ ಶಾಂತಲಾ, ಶಾಮನೂರಿನಿಂದ ಬಂದ ಇಬ್ಬರು ನೆಂಟರು, ರೇಷ್ಮೆ ಸೀರೆ ಉಟ್ಟು ತಗಡಿನ ಶೆಡ್ಡಿನೊಳಗೆ ಹೋಗಿ ನಿಂತರು. ಕ್ಯಾನು ಹೊತ್ತು ಹಿಂದೆ ಬಂದವಳು ಪ್ರೇಮಲತಾ. ಕ್ಯಾನು ಹೊರುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಅನ್ನಪೂರ್ಣಮ್ಮನಿಗೆ ಒಂದು ಅನುಮಾನ ಹತ್ತಿತು. ಈ ಯಂತ್ರ ಏನೇನನ್ನು ತೆಗೆಯುತ್ತದೆ? ಕೊಳೆ ತೆಗೆಯುವಾಗ ಕೊಳೆಯ ಜೊತೆಗೆ ಗಂಗೆಯನ್ನೂ ತೆಗೆದುಬಿಟ್ಟರೆ? ಹಾಗಾದರೆ ಹರಿಹರದಿಂದ ತಂದು ಏನು ಬಂತು?

ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ ಎಂದು ಪ್ರೇಮಲತಾಳಿಗೆ ಅನ್ನಿಸಿತು. ನೀರು ಸೋಸುವ ಪೊರೆಗಳನ್ನು ಮಾರಲು ಬರುತ್ತಿದ್ದ ಯೋಗರಾಜ್ ಎಂಬುವನು ಹೇಳಿಕೊಟ್ಟಿದ್ದನ್ನು ಅವಳು ತನ್ನ ಮಾತಿನಲ್ಲಿ ಹೇಳತೊಡಗಿದಳು. ಮಂಡಕ್ಕಿ ಭಟ್ಟಿ ನೋಡೀರಲ್ಲ ಎಂದಳು. ಕಾದ ಮರಳಿನಲ್ಲಿ ಹುರಿದದ್ದನ್ನು ಜರಡಿಗೆ ಸುರಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಇಲ್ಲಿಯೂ ಅದೇ ಕೆಲಸ, ಜರಡಿಯ ತೂತು ಮಾತ್ರ ಬೇರೆ. ಎಲ್ಲಕ್ಕಿಂತ ದೊಡ್ಡ ತೂತಿನ ಪೊರೆಗೆ ಮಣ್ಣು, ಪಾಚಿ, ದಪ್ಪನೆಯ ಕ್ರಿಮಿ ಸಿಗುತ್ತವೆ. ಅದಕ್ಕಿಂತ ಸಣ್ಣ ತೂತಿನದರಲ್ಲಿ ಉಳಿದ ಕ್ರಿಮಿಗಳೂ, ಕಾಯಿಲೆ ತರುವ ವೈರಸ್ಸುಗಳೂ ನಿಲ್ಲುತ್ತವೆ, ಆದರೆ ನೀರಿನ ಉಪ್ಪು, ರುಚಿ ಎಲ್ಲ ದಾಟಿ ಬರುತ್ತದೆ. ಇನ್ನೂ ಸಣ್ಣದು ಇದೆ, ಸೋಪು ನೊರೆ ಬರದ ಹಾಗೆ ಮಾಡುವ ಸುಣ್ಣದಂಥ ಗಡಸನ್ನು ಅದು ತಡೆಯುತ್ತದೆ, ಅಡುಗೆ ಉಪ್ಪಿನಂಥದ್ದನ್ನು ಅರ್ಧಂಬರ್ಧ ಬಿಡುತ್ತದೆ. ಕೊನೆಯದು ಇಲ್ಲಿ ಗೊರಕೆ ಹೊಡೆಯುತ್ತಿರುವ ಆರ್‌ಒ. ಅದು ಹೆಚ್ಚುಕಡಿಮೆ ಎಲ್ಲ ಉಪ್ಪನ್ನೂ ಹಿಡಿದಿಟ್ಟು ನೀರನ್ನಷ್ಟೇ ಬಿಡುತ್ತದೆ.

ಪಂಪು ಯಾಕೆ ಬೇಕು ಎಂದು ಶಾಂತಲಾ ಕೇಳಿದಳು. ಮಾವಿನಕಾಯಿ ಹೋಳುಗಳಿಗೆ ಉಪ್ಪು ಹಾಕಿಟ್ಟರೆ ನೀರು ತಾನಾಗೇ ಉಪ್ಪಿನ ಕಡೆಗೆ ಬರುತ್ತದಲ್ಲ, ನೀರಿನ ಗುಣವೇ ಅದು ಎಂದಳು ಪ್ರೇಮಲತಾ. ಉಪ್ಪನ್ನು ಬಿಟ್ಟು ಈ ಕಡೆ ಬಾ ಎಂದರೆ ಬರುವುದಿಲ್ಲ, ಜೋರಾಗಿ ನೂಕಬೇಕು. ಬಾರದ ಉಪ್ಪೆಲ್ಲ ಇನ್ನೊಂದು ಪೈಪಿನಲ್ಲಿ ಮೋರಿಗೆ ಹೋಗುತ್ತದೆ.

ಐವರೂ ಮೋರಿಯ ಪೈಪನ್ನು ನೋಡಿದರು. ಅದರ ನೀರು ಬಹಳ ರಭಸದಿಂದ ಹೋಗುತ್ತಿತ್ತು.

"ಹಂಗಾದ್ರೆ ಗಂಗವ್ವ ಎಷ್ಟು ದಪ್ಪ ಇರ್ತಾಳೆ?" ಎಂದಳು ಕಮಲಕ್ಕ.

ಸಭೆ ಸೇರಿತು. ಗಂಗೆ ಮಣ್ಣಿಗಿಂತ ಸಣ್ಣವಳು ಎನ್ನುವುದಕ್ಕೆ ಎಲ್ಲರೂ ಒಪ್ಪಿದರು, ಯಾಕೆಂದರೆ ಬೇಸಿಗೆಯಲ್ಲಿ ಹೊಳೆ ತಿಳಿಯಾದಾಗಲೂ ಅವಳು ಇರುತ್ತಾಳಲ್ಲ. ಕ್ರಿಮಿಗಿಂತಲೂ ಸಣ್ಣವಳೇ ಇರಬೇಕು, ದೇವರಾದವಳು ಕ್ರಿಮಿಯ ಜೊತೆ ಸಿಕ್ಕಿಹಾಕಿಕೊಳ್ಳುವುದು ಶೋಭೆಯಲ್ಲ ಎಂದು ಶಾಮನೂರಿನವರಲ್ಲಿ ಹಿರಿಯಳು ಹೇಳಿದಳು. ತಕರಾರು ಬಂದದ್ದು ಉಪ್ಪಿನ ಹತ್ತಿರ. ಗಂಗೆ ಉಪ್ಪಿನಲ್ಲೇ ಇರುತ್ತಾಳೆ, ಆರ್‌ಒ ನೀರಿಗೆ ಜೀವ ಇರಲ್ಲ, ಅದರಲ್ಲಿ ಬೇಳೆಯೂ ಬೇಯಲ್ಲ ಎಂದು ಅನ್ನಪೂರ್ಣಮ್ಮ ವಾದ ಹೂಡಿದರು. ಬೇಳೆ ಅದರಲ್ಲೇ ಚೆನ್ನಾಗಿ ಬೇಯುವುದು ಎಂದು ಪ್ರೇಮಲತಾ ಹೇಳಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಉಪ್ಪೆಲ್ಲ ತೆಗೆದ ಮೇಲೆ ಹರಿಹರದ ನೀರಿಗೂ ಶಾಮನೂರಿನ ಬೋರಿನ ನೀರಿಗೂ ಏನು ವ್ಯತ್ಯಾಸ ಉಳಿಯುತ್ತದೆ ಎಂದು ಅನ್ನಪೂರ್ಣಮ್ಮ ಕೇಳಿದಾಗ ಮಾತ್ರ ಅವಳು, ಏನೂ ಉಳಿಯಲ್ಲ ಎಂದು ಒಪ್ಪಿಕೊಂಡಳು.

ಕೊನೆಗೆ ಎರಡನೆಯ ಜರಡಿ ಎಂದು ತೀರ್ಮಾನವಾಯಿತು. ಕ್ರಿಮಿ ಹೋಗಲಿ, ಉಪ್ಪು ಇರಲಿ. ಅದೃಷ್ಟಕ್ಕೆ ಆ ಬಗೆಯ ಪೊರೆ ಒಂದಿತ್ತು. ಯೋಗರಾಜ್ ನಮೂನೆಗೆಂದು ಬಿಟ್ಟುಹೋದ ನೀಲಿ ಕೊಳವೆ, ಒಳಗೆ ಶ್ಯಾವಿಗೆಯ ಎಳೆಗಳಂಥ ಟೊಳ್ಳು ದಾರಗಳು. ಪಂಪು ಬೇಕಿಲ್ಲ. ಬಕೀಟನ್ನು ಮೇಲೆ ಇಟ್ಟರೆ ನೀರು ತಾನೇ ಇಳಿದು, ದಾರಗಳ ಗೋಡೆಯಿಂದ ಜಿನುಗಿ, ಕೆಳಗಿನ ನಲ್ಲಿಗೆ ಬರುತ್ತದೆ. ಪ್ರೇಮಲತಾ ಮಡಿಚಿದ ಪಂಚೆಯಲ್ಲಿ ಒಮ್ಮೆ ಸೋಸಿ, ಬಕೀಟು ತುಂಬಿಸಲು ಬಗ್ಗಿದಳು.

ಆಗ ಶಾಮನೂರಿನ ಹಿರಿಯಳಿಗೆ ನೆನಪಾಯಿತು. ಗಂಗೆಯನ್ನು ಎತ್ತಿ ಸುರಿಯುವ ಕೈ ಮುತ್ತೈದೆಯದಾಗಿರಬೇಕಲ್ಲ?

ಕಮಲಕ್ಕನೇ ದಾರಿ ತೋರಿಸಿದಳು. ತನ್ನ ತಮ್ಮನ ಹೆಂಡತಿಯ ಮೇಲೆ ಅವಳಿಗೆ ಪ್ರೀತಿ ಇಲ್ಲದೆ ಇರಲಿಲ್ಲ. ತಾನು ದೊಡ್ಡ ಮನಸ್ಸು ಮಾಡುತ್ತಿದ್ದೇನೆ ಎಂಬ ಬೆಚ್ಚಗಿನ ದನಿಯಲ್ಲೇ ಅವಳು ಹೇಳಿದ್ದು.

"ಈ ಕಡೆ ಅವಳು ಸುರಿಲಿ ಬಿಡ್ರಿ. ಆ ಕಡೆ ನಾವು ಹಿಡಿತೀವಿ. ಏನಾರ ಮೈಲಿಗೆ ಇದ್ರೂ ನಡುವಿನ ಜರಡಿಗೆ ಸಿಕ್ಕಂತೈತೆ."

ಪ್ರೇಮಲತಾ ಬಗ್ಗಿದವಳು ಬಗ್ಗಿದ ಹಾಗೇ ಇದ್ದಳು. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಬದಲಿಗೆ ಯೋಗರಾಜ್ ತನ್ನ ಬಳಿ ಕುಳಿತು ಒಂದೊಂದು ಪೊರೆಯ ತೂತಿನ ಅಳತೆ ಹೇಳುತ್ತಿದ್ದುದು ನೆನಪಾಯಿತು. ಅವನು ಯಾವುದನ್ನೇ ಹೇಳಿದರೂ ಇಂಥದ್ದು ಇಷ್ಟು ದೊಡ್ಡದು, ಆದ್ದರಿಂದ ಇಂಥಲ್ಲಿ ನಿಲ್ಲುತ್ತದೆ ಎಂದೇ ಹೇಳುತ್ತಿದ್ದ.

"ಅದು ಎಷ್ಟು ದಪ್ಪ ಐತಕ್ಕ?" ಎಂದಳು.

"ಯಾವುದು?"

"ನನ್ನ ಮೈಲಿಗೆ. ಮಣ್ಣಿನಷ್ಟಾ, ಕ್ರಿಮಿಯಷ್ಟಾ, ಉಪ್ಪಿನಷ್ಟಾ? ಉಪ್ಪಿನಷ್ಟು ಸಣ್ಣದಿದ್ರೆ ಇದ್ರಾಗೆ ನಿಲ್ಲಲ್ಲ, ದಾಟಿ ಬಂದುಬಿಡ್ತೈತೆ. ಈಗ್ಲೇ ಹೇಳಿಬಿಡ್ರಿ, ಆಮೇಲೆ ನನ್ನ ಮೇಲೆ ಹೇಳಬ್ಯಾಡ್ರಿ."

ಅವಳು ನಗುತ್ತಿರಲಿಲ್ಲ, ಸಿಟ್ಟಿನಲ್ಲೂ ಇರಲಿಲ್ಲ. ಗಿರಾಕಿಗೆ ಕ್ಯಾನಿನ ಮುಚ್ಚಳ ಸರಿಯಿಲ್ಲ ಎಂದು ಹೇಳುವ ದನಿಯಲ್ಲೇ ಕೇಳಿದ್ದಳು. ಶಾಂತಲಾ ಕೆಮ್ಮಿದಳು. ಕಮಲಕ್ಕ ಬಾಯಿ ತೆರೆದು, ತನ್ನ ತಮ್ಮನ ಸಾವಿನ ಗಾತ್ರವನ್ನು ಮನಸ್ಸಿನಲ್ಲೇ ಅಳೆಯಲು ಹೋದಂತೆ ಕಂಡು, ಬಾಯಿ ಮುಚ್ಚಿದಳು. ಅನ್ನಪೂರ್ಣಮ್ಮ ಮೊದಲ ಸಲ ಬೀಗಿತ್ತಿಯ ಮುಖವನ್ನು ನೆಟ್ಟಗೆ ನೋಡಿದರು. ಆಮೇಲೆ, ರಾಹುಕಾಲ ಬರ್ತೈತೆ, ಸುರೀರಿ ಎಂದರು.

ಪೂಜೆ ಆಯಿತು. ನೀಲಿ ಕೊಳವೆಗೆ ಅರಿಶಿನ, ಕುಂಕುಮ, ಒಂದು ಮೊಳ ಮಲ್ಲಿಗೆ. ನಲ್ಲಿಗೆ ಹಸಿರು ಬಳೆ ತೊಡಿಸಿದರು, ಸರಿಯಾಗಿ ಕೂತಿತು. ಕಾಯಿಯನ್ನು ಮೋರಿಯ ಕಟ್ಟೆಗೆ ಒಡೆದರು. ಕ್ಯಾನು ಹಿಡಿದು ನೀರಿಗೆ ಬಂದಿದ್ದ ಮೂವರು ಗಂಡಸರು ಚಪ್ಪಲಿ ಬಿಟ್ಟು ನಿಂತು ಮಂಗಳಾರತಿ ತೆಗೆದುಕೊಂಡರು. ತಾಮ್ರದ ಕೊಡವನ್ನು ನಲ್ಲಿಯ ಕೆಳಗಿಟ್ಟು ತಿರುವಿದರೆ ಗಾಜಿನಂಥ ನೀರು ಧಾರೆಯಾಗಿ ಬಂತು. ಅನ್ನಪೂರ್ಣಮ್ಮನ ಕಣ್ಣು ತುಂಬಿತು. ಅಷ್ಟು ತಿಳಿಯಾದ ತುಂಗಭದ್ರೆಯನ್ನು ಅವರು ಎಳೆವಯಸ್ಸಿನಲ್ಲೂ ನೋಡಿರಲಿಲ್ಲವಂತೆ.

ಆಮೇಲೆ ಧಾರೆ ದಾರವಾಯಿತು. ದಾರ ಹನಿಯಾಯಿತು.

ಹೊಸ ನೀರಿನ ಕೆಂಪು ಎಂಥ ನುಣುಪಿನದೆಂದರೆ ಪಂಚೆಗೆ ಅದು ಸಿಕ್ಕಿರಲೇ ಇಲ್ಲ. ಎಲ್ಲ ಬಂದು ಶ್ಯಾವಿಗೆಯ ಎಳೆಗಳಿಗೆ ಮೆತ್ತಿಕೊಂಡಿತ್ತು. ಕೊಡ ಕಾಲು ಭಾಗವೂ ತುಂಬಿರಲಿಲ್ಲ. ಮುತ್ತೈದೆಯರು ಆ ಕಾಲಿನಿಂದ ಈ ಕಾಲಿಗೆ ಭಾರ ಬದಲಿಸಿದರು. ಶೆಡ್ಡಿನ ತಗಡು ಕಾಯತೊಡಗಿತು. ಕಮಲಕ್ಕನಿಗೆ ಸಕ್ಕರೆ ಕಾಯಿಲೆ, ಮಾತ್ರೆ ನುಂಗಿ ಬಹಳ ಹೊತ್ತಾಗಿತ್ತು. ಶಾಂತಲಾಳ ಮನೆಯಲ್ಲಿ ಬಂದವರಿಗೆಂದು ಮಾಡಿದ ಉಪ್ಪಿಟ್ಟಿನ ಒಗ್ಗರಣೆ ಬೀದಿಗೆಲ್ಲ ಹರಡಿತ್ತು. ತುಂಬುವವರೆಗೆ ಮನೆಯಲ್ಲಿ ಕೂತಿರುತ್ತೇವೆ, ತುಂಬಿದ ಕೂಡಲೇ ಫೋನ್ ಮಾಡು, ಬಂದು ಹೊರ್ತೀನಿ ಎಂದು ಹೇಳಿ ಕಮಲಕ್ಕ ಮೊದಲು ಹೊರಟಳು. ಹಿಂದೆಯೇ ಉಳಿದವರ ಸೀರೆಗಳೂ ಸರಸರ ಎಂದವು.

ಶೆಡ್ಡಿನಲ್ಲಿ ಪ್ರೇಮಲತಾ ಒಬ್ಬಳೇ ಉಳಿದಳು. ಕಟ್ಟಿಕೊಂಡ ಪೊರೆಯನ್ನು ಬಿಡಿಸುವ ಉಪಾಯ ಒಂದೇ, ಹಿಂದಿನಿಂದ ನೂಕುವುದು. ನೀಲಿ ಕೊಳವೆಯನ್ನು ಕಳಚಿ, ನೀರು ಹೊರಬರುವ ತುದಿಗೆ ಕೈಪಂಪು ಸಿಕ್ಕಿಸಿ, ಶುದ್ಧ ನೀರನ್ನು ಉಲ್ಟಾ ಒತ್ತಿದಳು. ಮೆತ್ತಿಕೊಂಡಿದ್ದ ಕೆಂಪು ಮೋರಿಗೆ ಹೋಯಿತು. ಮತ್ತೆ ಜೋಡಿಸಿ ಬಿಟ್ಟರೆ ಸ್ವಲ್ಪ ಹೊತ್ತು ಧಾರೆ, ಮತ್ತೆ ಹನಿ. ಮತ್ತೆ ಕಳಚಿದಳು. ಹಣೆಯ ಬೆವರು ಒರೆಸಿಕೊಳ್ಳಲು ಕೈ ಹೋದಾಗ, ಕೊಳವೆಯ ಕುಂಕುಮ ಬೆರಳಿಗೆ ಹತ್ತಿದ್ದು ಕಂಡಿತು. ಅವಳು ಬೆರಳನ್ನು ನೋಡಿ, ಸೆರಗಿಗೆ ಒರೆಸಿಕೊಂಡು ಕೆಲಸ ಮುಂದುವರಿಸಿದಳು.

ಹಾಗೆ ಮಾಡುತ್ತ ಮಾಡುತ್ತ ಅವಳಿಗೆ ಸಣ್ಣದೊಂದು ಸಂಗತಿ ಹೊಳೆಯಿತು. ತನ್ನನ್ನು ಯಾರೂ ತಡೆದೇ ಇರಲಿಲ್ಲ. ಕಮಲಕ್ಕ ಕೊಡ ಎತ್ತಿಕೊಂಡಾಗ, ನಾನು ಹೊರ್ತೀನಿ ಎಂದು ತಾನು ಒಂದು ಮಾತು ಅಂದಿದ್ದರೆ ಕಮಲಕ್ಕನೇ ಬೇಡ ಅನ್ನಬೇಕಾಗುತ್ತಿತ್ತು, ಬೇಡ ಅನ್ನುವುದಕ್ಕೆ ಕಾರಣ ಹೇಳಬೇಕಾಗುತ್ತಿತ್ತು. ಕಾರಣವನ್ನು ಬಾಯಿಬಿಟ್ಟು ಹೇಳುವ ಕಷ್ಟದಿಂದ ಈ ಮೂರು ವರ್ಷ ಎಲ್ಲರನ್ನೂ ಪಾರು ಮಾಡುತ್ತ ಬಂದವಳು ತಾನೇ. ಕಷ್ಟ ಕೊಡಬೇಕಿತ್ತು.

ಕೊಡ ಕಂಠದವರೆಗೆ ಬಂತು. ಕೊನೆಯ ಹನಿಗಳನ್ನು ಅಂಗೈಯಲ್ಲಿ ಹಿಡಿದು ನಾಲಿಗೆಗೆ ಮುಟ್ಟಿಸಿಕೊಳ್ಳಬೇಕು ಅನ್ನಿಸಿತು. ಗಂಗೆ ಮನೆ ಸೇರಿಲ್ಲವಲ್ಲ ಎಂದು ಬಿಟ್ಟಳು. ಬೆಳಿಗ್ಗೆಯಿಂದ ಅವಳೂ ಏನೂ ತಿಂದಿರಲಿಲ್ಲ. ತಿನ್ನಬಾರದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ತಿನ್ನು ಎಂದೂ ಹೇಳಿರಲಿಲ್ಲ.

ಫೋನ್ ತೆಗೆದಳು. ಕಮಲಕ್ಕನ ಹೆಸರಿನ ಮೇಲೆ ಬೆರಳು ಇಟ್ಟಳು. ಆಮೇಲೆ ಫೋನನ್ನು ರವಿಕೆಯೊಳಗೆ ಸೇರಿಸಿ, ಪಂಚೆಯನ್ನು ಸಿಂಬೆ ಸುತ್ತಿ ತಲೆಗಿಟ್ಟುಕೊಂಡು, ನೀರಿಗೆ ಬಂದಿದ್ದವನೊಬ್ಬನನ್ನು ಕರೆದು, ಒಂದು ಕೈ ಕೊಡಪ್ಪಾ ಎಂದಳು. ಅವನು ಕೊಟ್ಟ.

ಘಟಕದಿಂದ ಮನೆಗೆ ಒಂದು ಬೀದಿ. ಅವಳು ನಡುವೆಯೇ ನಡೆದಳು. ಎದುರಿಗೆ ಲಾರಿ ಬರಲಿಲ್ಲ, ಒಂದು ಆಟೋ ಬಂತು. ಓಡಿಸುತ್ತಿದ್ದವನು ರಾಜಕುಮಾರನ ಜೊತೆ ಸ್ಟ್ಯಾಂಡಿನಲ್ಲಿ ಇದ್ದವನು. ಕೊಡವನ್ನೂ ಕೊಡದ ಕೆಳಗಿನ ಮುಖವನ್ನೂ ನೋಡಿ ಹಾರ್ನ್ ಹೊಡೆಯಲು ಹೋದವನು ಹೊಡೆಯದೆ ಪಕ್ಕಕ್ಕೆ ತೆಗೆದುಕೊಂಡ. ಕತ್ತು ನೋಯುತ್ತಿತ್ತು. ಕಮಲಕ್ಕ ಬಾಗಿಲಲ್ಲೇ ತಡೆದರೆ ಏನು ಮಾಡುವುದು ಎಂದು ಯೋಚಿಸಿದಳು. ಇಳಿಸುವುದಿಲ್ಲ, ಅಷ್ಟೇ. ನಿಂತೇ ಇರುತ್ತೇನೆ. ಎಷ್ಟು ಹೊತ್ತು ನಿಲ್ಲಿಸಿಕೊಳ್ಳುತ್ತಾರೆ ನೋಡೋಣ.

ಮನೆಯ ಮುಂದಿನ ಕಟ್ಟೆಯ ಮೇಲೆ ಐವರೂ ಸಾಲಾಗಿ ಕುಳಿತಿದ್ದರು. ಐವರ ಕೈಯಲ್ಲೂ ತಟ್ಟೆ.

ಕಮಲಕ್ಕ ಅವಳನ್ನು ಕಂಡು ತಟಕ್ಕನೆ ಎದ್ದಳು. ಕೊಡಕ್ಕೆ ಕೈ ನೀಡಿದಳು. ನೀಡಿದ ಕೈಯನ್ನು ಅವಳೇ ನೋಡಿಕೊಂಡಳು. ಬೆರಳುಗಳಿಗೆ ಉಪ್ಪಿಟ್ಟು ಅಂಟಿತ್ತು, ತುಟಿಯ ಮೇಲೆ ಒಂದು ಸಾಸಿವೆ. ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಶಾಂತಲಾಳ ಕಡೆ ತಿರುಗಿದಳು. ಶಾಂತಲಾ ತಟ್ಟೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಿದ್ದಳು. ಶಾಮನೂರಿನ ಹಿರಿಯಳ ಬಾಯಲ್ಲಿ ತುತ್ತಿತ್ತು, ನುಂಗುವುದೋ ಉಗಿಯುವುದೋ ತಿಳಿಯದೆ ಹಾಗೇ ಇಟ್ಟುಕೊಂಡಿದ್ದಳು.

ಕಾಯಿ ಒಡೆದಾಗಲೇ ಪೂಜೆ ಮುಗಿಯಿತು ಅನ್ಕೊಂಡ್ವಿ ಎಂದು ಯಾರೋ ಮೆಲ್ಲಗೆ ಹೇಳಿದರು. ಆದರೆ ಗಂಗೆ ಮನೆ ಸೇರಿಲ್ಲ, ಎಂಜಲು ಬಾಯಿ, ಎಂಜಲು ಕೈ. ಆ ನಿಯಮವನ್ನು ಬೆಳಿಗ್ಗೆ ಮುತ್ತೈದೆಯರಿಗೆಲ್ಲ ಜ್ಞಾಪಿಸಿದವಳು ಕಮಲಕ್ಕನೇ.

ಪ್ರೇಮಲತಾ ಕೊಡ ಹೊತ್ತು ನಿಂತೇ ಇದ್ದಳು. ಬಾಯಿಯವರೆಗೆ ಬಂದ ಮಾತನ್ನು ಈ ಸಲ ನುಂಗಲಿಲ್ಲ.

"ನಾನೇ ಒಳಗೆ ತರ್ತೀನಿ" ಎಂದಳು.

ಅನ್ನಪೂರ್ಣಮ್ಮ ತಟ್ಟೆಯನ್ನು ಕಟ್ಟೆಯ ಮೇಲಿಟ್ಟರು. ಅವರಿಗೆ ನಗು ಬಂದಿತ್ತು, ತಡೆದುಕೊಳ್ಳಲು ಸೆರಗನ್ನು ಬಾಯಿಗಿಟ್ಟರೂ ಹೊಟ್ಟೆ ಕುಲುಕುತ್ತಿತ್ತು.

"ಬರ್ರಿ ಬೀಗಿತ್ತಿ. ಇಷ್ಟು ಜನದಾಗೆ ಮಡಿಯಾಗೆ ಇರೋರು ನೀವೊಬ್ರೇ."

ಕಮಲಕ್ಕ ದಾರಿ ಬಿಟ್ಟಳು. ಬಿಟ್ಟವಳು ಸುಮ್ಮನಿರಲಾರದೆ, ಬಾಗಿಲು ಗಿಡ್ಡ ಐತೆ, ತಲೆ ಬಗ್ಗಿಸಬ್ಯಾಡ, ಮೊಳಕಾಲು ಬಗ್ಗಿಸು, ಇಲ್ಲಾಂದ್ರೆ ಎಲ್ಲಾ ಚೆಲ್ತೈತೆ ಎಂದು ಹಿಂದಿನಿಂದ ಹೇಳಿದಳು. ಪ್ರೇಮಲತಾ ಹಾಗೇ ಮಾಡಿದಳು. ಒಂದು ಹನಿಯೂ ಚೆಲ್ಲಲಿಲ್ಲ.

ಸುನೀತಾ ಕೂಸನ್ನು ಎತ್ತಿಕೊಂಡು ಎದುರಿಗೇ ನಿಂತಿದ್ದಳು. ಪ್ರೇಮಲತಾ ಕೊಡ ಇಳಿಸಿ, ಬೆರಳನ್ನು ಅದ್ದಿ, ಒಂದು ಹನಿಯನ್ನು ಕೂಸಿನ ತುಟಿಗೆ ಮುಟ್ಟಿಸಿದಳು. ಕೂಸು ಮುಖ ಕಿವುಚಿ ಅದನ್ನು ಥೂ ಎಂದು ಹೊರಗೆ ಹಾಕಿತು. ಬಾಗಿಲಾಚೆಯಿಂದ ಎಂಜಲು ಕೈಗಳನ್ನು ದೂರ ಹಿಡಿದುಕೊಂಡು ಇಣುಕುತ್ತಿದ್ದ ಅನ್ನಪೂರ್ಣಮ್ಮ, ಉಪ್ಪು ಐತಲ್ಲ, ಗೊತ್ತಾಗೈತೆ ಅದಕ್ಕೆ ಎಂದು ಹೆಮ್ಮೆಪಟ್ಟುಕೊಂಡರು.

ಕೈ ತೊಳೆಯಲು ನೀರು ಕೊಡು ಎಂದು ಕಮಲಕ್ಕ ಕೂಗಿದಳು. ಪ್ರೇಮಲತಾ ಕೊಡದ ಕಡೆ ನೋಡಿ, ಆಮೇಲೆ ಬಚ್ಚಲಿನ ತಂಬಿಗೆಯನ್ನು ತೋರಿಸಿದಳು. ಅವಳಿಗೆ ಹಸಿವಾಗಿತ್ತು. ಉಪ್ಪಿಟ್ಟು ಉಳಿದಿದೆಯೋ ಇಲ್ಲವೋ ನೋಡಲು ಹೊರಗೆ ಹೋದಳು.